ಕೈಯಿಂದ ಕೂರಿಸಿದ ನಟ್ಟು

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಬಾಯಿಂದ ಹೇಳಲು ಇಷ್ಟು ವರ್ಷ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ರಾಣೆಬೆನ್ನೂರಿನಲ್ಲಿ ನನ್ನದು ಬೈಕು ರಿಪೇರಿಯ ಅಂಗಡಿ. ತಮ್ಮನಿಗೆ ಬ್ಯಾಡಗಿಯ ಹುಡುಗಿ ನಿಶ್ಚಯವಾಗಿತ್ತು. ತನ್ನ ಹಳೆಯ ಬೈಕಿಗೆ ದೊಡ್ಡ ಬೈಕಿನ ದಪ್ಪ ಗಾಲಿ ಹಾಕಿಸಿಕೊಂಡೇ ದಸರೆಯ ಬನ್ನಿ ಕೊಡಲು ಬೀಗರ ಮನೆಗೆ ಹೋಗಬೇಕೆಂದು ಅವನ ಹಟ.

ಹಿಂದಿನ ಗಾಲಿ ಸುಲಭಕ್ಕೆ ಕೂಡಲಿಲ್ಲ. ಅಚ್ಚಿಗೆ ಲೇತಿನಲ್ಲಿ ಬುಷ್ ಮಾಡಿಸಿದೆ, ಚೈನಿನ ಸಾಲು ಸರಿಮಾಡಿದೆ. ಬ್ರೇಕಿನ ತಟ್ಟೆ ಗಾಲಿಯ ಜೊತೆ ತಿರುಗದಂತೆ ಹಿಡಿದಿಡುವ ಕಬ್ಬಿಣದ ಪಟ್ಟಿ ಮೊಟಕಾಯಿತು. ಹೊಸದು ಮಾಡಿ, ಬೋಲ್ಟ್ ತೂರಿಸಿ, ನಟ್ಟನ್ನು ಕೈಯಿಂದ ತಿರುವುತ್ತಿದ್ದೆ. ಅಷ್ಟರಲ್ಲಿ ಅವ್ವ ಕುಂಕುಮದ ಬಟ್ಟಲು ಹಿಡಿದು ಬಂದಳು. ಅಂದು ಖಂಡೇಪೂಜೆ, ಆಯುಧಗಳನ್ನು ಪೂಜಿಸುವ ದಿನ.

"ಮಧ್ಯಾಹ್ನ ಆತು. ಪಾನಾ, ಸುತ್ತಿಗಿ ಎಲ್ಲಾ ಇಲ್ಲಿಡು."

"ಒಂದು ನಟ್ಟು ಐತಿ ಬೇ."

"ನಿನ್ನ ನಟ್ಟು ಯಾವತ್ತು ಮುಗದಾವು? ಇಡು."

ಪೂಜೆಗಿಟ್ಟ ಹತಾರವನ್ನು ಮರುದಿನ ಸಂಜೆ ಬನ್ನಿ ಕೊಡುವ ತನಕ ನಮ್ಮಲ್ಲಿ ಮುಟ್ಟುವುದಿಲ್ಲ. ಮುಟ್ಟಿದರೆ ವರ್ಷವಿಡೀ ಕೆಲಸ ಕೆಡುತ್ತದೆಂದು ಅವ್ವನ ಭಯ. ನನಗೂ ಆ ಭಯವಿತ್ತು.

ಮರುದಿನ ಊಟವಾದ ಮೇಲೆ ತಮ್ಮ ಹೊಸ ಅಂಗಿ ತೊಟ್ಟು ಬಂದ. ಆಜೂಬಾಜೂ ಅಂಗಡಿಯವರು ಗಾಲಿ ನೋಡಲು ನಿಂತಿದ್ದರು.

"ನಮ್ಮಣ್ಣ ಹಾಕಿದ್ದು ನೋಡ್ರಿ. ಹಾವೇರಿ ಜಿಲ್ಲಾದಾಗ ಇಂಥಾದ್ದೊಂದು ತೋರಸ್ರಿ."

"ಗಾಲಿ ನೋಡಿ ಹೆಣ್ಣು ಕೊಟ್ಟಾರೇನೋ, ನಿನ್ನ ಮಾರಿ ನೋಡಿ ಅಲ್ಲ," ಎಂದು ಒಬ್ಬ ನಗಿಸಿದ.

ತಮ್ಮ ನನ್ನತ್ತ ಹೊರಳಿ, "ಎಲ್ಲಾ ಬಿಗಿ ಮಾಡೀಯಲ್ಲಣ್ಣ?" ಎಂದ.

ಅಷ್ಟು ಹೊಗಳಿದವನ ಮುಂದೆ, ಅಷ್ಟು ಜನರೆದುರು, ಇನ್ನೂ ಇಲ್ಲ ಎನ್ನಲು ನಾಚಿಕೆಯಾಯಿತು. ನಟ್ಟು ಬಿಗಿಯುವ ಪಾನಾ ಇನ್ನೂ ಪೂಜೆಯಲ್ಲೇ ಇತ್ತು; ಎತ್ತಿದ್ದರೆ ಅರ್ಧ ನಿಮಿಷದ ಕೆಲಸ.

"ಮಾಡೀನಿ. ಸಾವಕಾಶ ಹೋಗು."

ಬ್ಯಾಡಗಿ ಕಡೆ ಹೊರಳುವಲ್ಲಿ ಎಮ್ಮೆ ಅಡ್ಡ ಬಂದಿದೆ. ಬ್ರೇಕು ತುಳಿದಿದ್ದಾನೆ. ನಟ್ಟು ದಾರಿಯಲ್ಲೇ ಕಳಚಿ ಬಿದ್ದಿತ್ತು. ಪಟ್ಟಿ ಬಿಚ್ಚಿ, ತಟ್ಟೆ ಗರ್ರನೆ ತಿರುಗಿ, ಗಾಲಿ ಕಚ್ಚಿಕೊಂಡು ನಿಂತುಬಿಟ್ಟಿತು; ಬೈಕು ಜಾರಿ ತಮ್ಮನ ತಲೆ ರಸ್ತೆಗೆ ಬಡಿಯಿತು. ಬೈಕು ನೋಡಿದ ಕೂಡಲೇ ನನಗೆ ತಿಳಿಯಿತು. ಬೇರೆ ಯಾರಿಗೂ ತಿಳಿಯಲಿಲ್ಲ.

ಹಾವೇರಿ ದವಾಖಾನೆಯಲ್ಲಿ ಎರಡು ದಿನ ಅವನಿಗೆ ಎಚ್ಚರವಿತ್ತು. ತಲೆಗೆ ಪಟ್ಟಿ ಕಟ್ಟಿದ್ದರು. ನನ್ನ ಬೆರಳು ಹಿಡಿದು ಕೇಳಿದ:

"ಬ್ರೇಕ್ ಹಿಡದ ಕೂಡ್ಲೆ ಗಾಲಿ ಯಾಕ ನಿಂತ್ತಣ್ಣ?"

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನಟ್ಟಿನ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಜೋರ ಇದ್ದಿ ನೀ. ಅದಕ್ಕ," ಎಂದೆ.

"ಇರಬೇಕು. ನಂದ ತಪ್ಪು. ಅವ್ವಗ ನೀನ ಹೇಳು."

ಮೂರನೆಯ ದಿನ ಹೋದ. ಅವ್ವನಿಗೆ ನಾನು ಹಾಗೆಯೇ ಹೇಳಿದೆ.

ಈಗಲೂ ಅವ್ವ ಅಂಗಡಿಗೆ ಬಂದ ಹುಡುಗರನ್ನು ನಿಲ್ಲಿಸಿ ಹೇಳುತ್ತಾಳೆ, "ಜೋರ ಹೊಡೀಬ್ಯಾಡ್ರಪಾ, ನನ್ನ ಮಗ ಹಂಗ ಹ್ವಾದ." ನಾನು ತಲೆ ಬಗ್ಗಿಸಿ ಕೆಲಸ ಮಾಡುತ್ತೇನೆ. ಅವನು ಜೋರಾಗಿ ಹೋಗಿರಲಿಲ್ಲ. ಎಮ್ಮೆಯ ಹಿಂದೆ ಬರುತ್ತಿದ್ದ ರೈತ ಕಣ್ಣಾರೆ ಕಂಡು ನನಗೆ ಹೇಳಿದ್ದಾನೆ, ಸೈಕಲ್ಲಿನಷ್ಟೇ ಸಾವಕಾಶ ಬರುತ್ತಿದ್ದನಂತೆ.