ಬಡಗಿಯ ಪೆನ್ಸಿಲು, ಗುಂಡಿಯಮ್ಮನ ಹೇಸಿಗೆ

ಅಂಟು ಎಂದರೆ ಗುಂಡಿಯಮ್ಮನಿಗೆ ಚಿಕ್ಕಂದಿನಿಂದಲೂ ಆಗದು. ಜೇನಿನ ಬಾಟಲಿಯ ಮುಚ್ಚಳ ಮುಟ್ಟಿದರೂ ಸಾಕು, ಬೆರಳು ಬೆರಳಿಗೆ ತಾಗದ ಹಾಗೆ ಕೈ ಅಗಲಿಸಿಕೊಂಡು ನಲ್ಲಿಯ ಹತ್ತಿರ ಓಡುತ್ತಿದ್ದಳಂತೆ. ಅಂಥವಳು ಐವತ್ತು ದಾಟಿದ ಮೇಲೆ ಹೊಟ್ಟೆಪಾಡಿಗೆ ಹಿಡಿದದ್ದು, ಸುರಿದರೆ ಗಾಜಿನಂತೆ ಗಟ್ಟಿಯಾಗುವ ಎಪಾಕ್ಸಿ ರೆಸಿನ್ನಿನ ಕೆಲಸ. ಅಂಟುಗಳಿಗೆಲ್ಲ ಮುತ್ತಜ್ಜನಂಥ ಅಂಟು ಅದು. ದೇವರು ಯಾರನ್ನು ಯಾವ ಕೆಲಸಕ್ಕೆ ಹಚ್ಚುತ್ತಾನೋ, ಅವನನ್ನು ಕೇಳುವವರು ಯಾರು?

ಅದಕ್ಕೆ ಮೊದಲು ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಿಗಳಿಗೆ ಗುಂಡಿ ಹೊಲಿದಿದ್ದಳು. ಹೆಸರು ಬಂದದ್ದು ಅಲ್ಲಿಂದಲೇ. ಕಾರ್ಖಾನೆ ಮುಚ್ಚಿದ ಮೇಲೆ ಯಾರದೋ ಹಳೆಯ ಕೋಟಿನ ಒಂದು ಗುಂಡಿಗೆ ಜೋಡಿ ಸಿಗದೆ, ಉಳಿದ ಗುಂಡಿಯಿಂದಲೇ ರಬ್ಬರಿನ ಅಚ್ಚು ತೆಗೆದು ರೆಸಿನ್ ಸುರಿದಳು. ಮೊದಲನೆಯದು ಬರೀ ಗುಳ್ಳೆ. ಎರಡನೆಯದು ಮೋಡ ಕವಿದಂತೆ ಮಸುಕು. ಮೂರನೆಯದನ್ನು ನೋಡಿ ಕೋಟಿನವರು, "ಇದ್ರಲ್ಲಿ ನಮ್ಮದು ಯಾವ್ದು?" ಎಂದು ಕೇಳಿದರು. ಹಾಗೆ ಆಟಕ್ಕೆಂದು ಶುರುವಾದದ್ದು ಕಸುಬಾಯಿತು.

ಅವಳ ಮನೆಯ ಹಿಂಬದಿಯ ಕೆಲಸದ ಕೋಣೆಗೆ ಹೋದವರು, ಎಂಥ ಎಚ್ಚರದ ಹೆಂಗಸು ಎಂದು ಹೊಗಳುತ್ತಿದ್ದರು. ತೆರೆದ ಕಿಟಕಿ, ಗಾಳಿಯನ್ನು ಹೊರಗೆಳೆಯುವ ಫ್ಯಾನು, ಮುಂಗೈವರೆಗೆ ಮುಚ್ಚುವ ತೋಳಿನ ಅಂಗಿ, ನೀಲಿ ಕೈಗವಸು, ಮೂಗಿಗೆ ಗಾಳಿ ಸೋಸುವ ಎರಡು ಡಬ್ಬಿಗಳ ಮಾಸ್ಕು. ಕಲಸಿದ ಲೋಟವನ್ನೂ ಒಳಗಿನದು ಕಲ್ಲಾಗುವವರೆಗೆ ಕಸಕ್ಕೆ ಹಾಕುವವಳಲ್ಲ. ಎಚ್ಚರ ಎಂಥದ್ದು? ಎಲ್ಲ ಹೇಸಿಗೆ. ಆ ನೂಲು ನೂಲಾಗಿ ಇಳಿಯುವ ದ್ರವವನ್ನು ನೋಡಿದರೆ ಶೀತವಾದ ಕೂಸಿನ ಮೂಗೇ ಅವಳ ಕಣ್ಣ ಮುಂದೆ ಬರುತ್ತಿತ್ತು. ಮೈಗೆ ಒಂದು ಹನಿ ತಾಗಬಾರದೆಂದು ಅಷ್ಟೆಲ್ಲ ಮಾಡುತ್ತಿದ್ದಳು, ಎಂಟು ವರ್ಷದಲ್ಲಿ ಒಂದು ಹನಿಯೂ ತಾಗಿರಲಿಲ್ಲ.

ಒಂದು ದಿನ ಬೀದಿ ಕೊನೆಯ ಬಡಗಿ ಬಂದು ಕಾಗದದಲ್ಲಿ ಸುತ್ತಿದ್ದ ಪೆನ್ಸಿಲಿನ ತುಂಡೊಂದನ್ನು ಮೇಜಿನ ಮೇಲಿಟ್ಟ. ಬಡಗಿಗಳು ಬಳಸುವ ಚಪ್ಪಟೆ ಕೆಂಪು ಪೆನ್ಸಿಲು, ಎರಡು ಬೆರಳಿನಷ್ಟು ಉಳಿದಿತ್ತು. ಅದರ ಒಂದು ತುದಿಯನ್ನು ಯಾರೋ ಚೆನ್ನಾಗಿ ಕಚ್ಚಿದ್ದರು. ಹಲ್ಲಿನ ಗುರುತುಗಳಲ್ಲಿ ಕಪ್ಪಗೆ ಕೊಳೆ ಕೂತಿತ್ತು.

"ಅಪ್ಪಂದು. ಅಳತೆ ಹಾಕೋವಾಗ ಬಾಯಲ್ಲೇ ಇರ್ತಿತ್ತು. ಫೋಟೋ ಒಂದೂ ಇಲ್ಲ ಅವರದು, ಇರೋದು ಈ ಹಲ್ಲಿನ ಗುರ್ತು ಮಾತ್ರ. ಇದನ್ನ ಗಾಜಿನ ಥರ ಮಾಡ್ತೀರಲ್ಲ, ಅದ್ರೊಳಗೆ ಇಟ್ಟು ನನ್ನ ಉಪಕರಣದ ಪೆಟ್ಟಿಗೆಗೆ ಒಂದು ಹಿಡಿ ಮಾಡ್ಕೊಡಿ," ಎಂದ ಬಡಗಿ.

ಗುಂಡಿಯಮ್ಮ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. ಆದರೆ ಅವನು ಆ ತುಂಡನ್ನು ಹಿಡಿದಿದ್ದ ರೀತಿ ನೋಡಿ ಇಲ್ಲವೆನ್ನಲು ಬಾಯಿ ಬರಲಿಲ್ಲ. ಚಿಮುಟದಲ್ಲಿ ಎತ್ತಿ ಡಬ್ಬಿಗೆ ಹಾಕಿಕೊಂಡಳು. "ಒಂದು ವಾರ ಆಗತ್ತೆ. ಮೊದಲು ಮರಕ್ಕೆ ತೆಳ್ಳಗೆ ಒಂದು ಕೈ ರೆಸಿನ್ ಬಳೀಬೇಕು, ಇಲ್ದಿದ್ರೆ ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಏಳತ್ತೆ. ಅವಸರ ಮಾಡ್ಬೇಡಿ."

ಅವಸರ ಮಾಡಿದವನು ಬಡಗಿಯಲ್ಲ, ಭಾವ.

ಭಾವ ಎಂದರೆ ಗುಂಡಿಯಮ್ಮನ ಅಕ್ಕನ ಗಂಡ. ಕಾರುಗಳ ಡೆಂಟು ತೆಗೆಯುವ ಗ್ಯಾರೇಜಿನಲ್ಲಿ ಮೂವತ್ತೈದು ವರ್ಷ ಪುಟ್ಟಿ ಮೆತ್ತಿ ಬಣ್ಣ ಹೊಡೆದವನು. ಕೆಲಸ ಬಿಟ್ಟ ಮೇಲೆ ಹೆಂಡತಿಯೊಡನೆ ಇದೇ ಮನೆಯ ಮಾಳಿಗೆಗೆ ಬಂದಿದ್ದ. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ನಾದಿನಿಯನ್ನು ಗೇಲಿ ಮಾಡುವುದೇ ಅವನ ಹೊತ್ತುಗಳೆಯುವ ದಾರಿ.

"ಏನಮ್ಮಾ, ತಕ್ಕಡಿ ಇಟ್ಕೊಂಡು ಕೂತಿದ್ದೀಯ, ಚಿನ್ನ ಮಾರ್ತೀಯಾ? ನಮ್ಮ ಕಾಲದಲ್ಲಿ ಕಣ್ಣೇ ತಕ್ಕಡಿ."

"ನಿಮ್ಮ ಕಣ್ಣಿಗೆ ಪೊರೆ ಬಂದು ಎರಡು ವರ್ಷ ಆಯ್ತು ಭಾವ," ಎನ್ನುತ್ತಿದ್ದಳು ಗುಂಡಿಯಮ್ಮ, ಮಾಸ್ಕಿನ ಒಳಗಿನಿಂದಲೇ.

ಒಂದು ಮಧ್ಯಾಹ್ನ ಅವಳು ಕನ್ನಡಕದ ನಂಬರು ನೋಡಿಸಲು ಹೋಗಿದ್ದಳು. ಆಗ ಬಡಗಿ ಹಾಗೇ ವಿಚಾರಿಸಿಕೊಂಡು ಹೋಗಲು ಬಂದ. ಭಾವ ಎದೆಯುಬ್ಬಿಸಿ, "ನಾಳೆ ಬಂದು ತಗೊಂಡು ಹೋಗಯ್ಯಾ," ಎಂದುಬಿಟ್ಟ. ಮಾತು ಕೊಟ್ಟ ಮೇಲೆ ಕೆಲಸ ಆಗಬೇಕಲ್ಲ? ಬಾಟಲಿಯ ಮೇಲೆ ಎರಡು ಪಾಲು ರೆಸಿನ್ನಿಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಒಂದು ಪಾಲು ಎಂದು ದಪ್ಪಕ್ಷರದಲ್ಲೇ ಬರೆದಿತ್ತು. ಕಾರಿನ ಪುಟ್ಟಿಗಾದರೆ ಹಾರ್ಡನರ್ ಒಂದು ಚೂರು ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ. ಚಳಿಯಿದ್ದಾಗ ಗ್ಯಾರೇಜಿನಲ್ಲಿ ಎಲ್ಲರೂ ಮಾಡುವುದೇ ಅದು. ಭಾವ ಇಲ್ಲೂ ಅದನ್ನೇ ಮಾಡಿದ. ಎರಡಕ್ಕೆ ಎರಡು ಸುರಿದು, ಬರಿಗೈಯಲ್ಲಿ ಗರಗರ ತಿರುವಿ, ಪೆನ್ಸಿಲನ್ನು ಅಚ್ಚಿನಲ್ಲಿಟ್ಟು ಕಂಠದವರೆಗೆ ತುಂಬಿಸಿದ. ಕೈಗೆ ಮೆತ್ತಿದ್ದನ್ನು ಬಣ್ಣ ತೆಳುಮಾಡುವ ಥಿನ್ನರಿನಲ್ಲಿ ಉಜ್ಜಿ, ಅದೇ ಕೈಯಲ್ಲಿ ಬ್ರೆಡ್ಡು ತಿಂದ.

ಮರುದಿನ ಬೆಳಿಗ್ಗೆ ಗುಂಡಿಯಮ್ಮ ಅಚ್ಚನ್ನು ನೋಡಿದಳು. ತುಂಬಾ ಹಳದಿ. ಅಲ್ಲಲ್ಲಿ ಗುಳ್ಳೆ. ಕಡ್ಡಿಯಿಂದ ಚುಚ್ಚಿದರೆ ಕಡ್ಡಿ ಒಳಗೆ ಹೋಯಿತು, ಎಳೆದರೆ ಉದ್ದಕ್ಕೆ ಎಳೆ ಬಂತು. ಅದರ ಮಧ್ಯದಲ್ಲಿ ಪೆನ್ಸಿಲು, ಕೆಸರಿನಲ್ಲಿ ಸತ್ತ ಹುಳದ ಹಾಗೆ.

"ಬಿಸಿಲಿಗಿಡು, ಬಿಗಿಯತ್ತೆ," ಎಂದ ಭಾವ ಬಾಗಿಲಿಂದ.

"ಯುಗ ಕಳೆದ್ರೂ ಬಿಗಿಯಲ್ಲ! ಇದೇನು ನಿಮ್ಮ ಪುಟ್ಟೀನಾ? ಇದ್ರಲ್ಲಿ ಒಬ್ಬೊಬ್ಬರಿಗೂ ಜೋಡಿ ಬೇಕು ಭಾವ. ಜೋಡಿ ಸಿಗದೆ ಉಳಿದ ಹಾರ್ಡನರು ಸಾಯೋವರೆಗೂ ಹೀಗೇ ಜೊಲ್ಲು ಸುರಿಸ್ತಾ ಕೂತಿರತ್ತೆ."

ಅಷ್ಟರಲ್ಲಿ ಅವನ ಮುಖ ನೋಡಿದಳು. ರೆಪ್ಪೆಗಳು ಊದಿ ಕಣ್ಣು ಗೆರೆಯಾಗಿತ್ತು. ಬೆರಳ ಸಂದಿಗಳಲ್ಲೆಲ್ಲ ನೀರ್ಗುಳ್ಳೆ, ಕೆಲವು ಒಡೆದು ಒಸರುತ್ತಿದ್ದವು. ಅವನು ಕೆರೆಯುತ್ತಲೇ ಇದ್ದ.

"ಥಿನ್ನರ್ ಹಚ್ಚಿದ್ರಾ?"

"ಮತ್ತೇನು, ಗಂಧ ಹಚ್ತಾರಾ?"

"ಅದು ವಿಷಾನ ಚರ್ಮದೊಳಕ್ಕೆ ಇನ್ನೂ ತಳ್ಳತ್ತೆ. ಸೋಪು ನೀರು ಸಾಕಿತ್ತು. ಕೆರೀಬೇಡಿ! ಥೂ, ಆ ಕೈನ ಬಾಗಿಲಿಗೆ ಒರೆಸ್ಬೇಡಿ!"

ಅಕ್ಕ ಅವನನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಹೋಗುವಾಗ ದಾರಿಯುದ್ದಕ್ಕೂ, "ಮೂವತ್ತೈದು ವರ್ಷದ ಕೈಯಂತೆ, ಕೈ!" ಎನ್ನುತ್ತಿದ್ದದ್ದು ಕೇಳಿಸುತ್ತಿತ್ತು.

ಗುಂಡಿಯಮ್ಮ ಬಾಗಿಲು ಹಾಕಿಕೊಂಡಳು. ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಳು. ಅವನ ಅಪ್ಪನ ಗುರುತೆಂದು ಲೋಕದಲ್ಲಿ ಉಳಿದಿರುವುದು ಇದೊಂದೇ, ಇದು ನನ್ನ ಕೋಣೆಯಲ್ಲಿ ಹಾಳಾಗದಿರಲಿ, ಎಂದು ಬೇಡಿಕೊಂಡಳು. ಆಮೇಲೆ ಎರಡು ಜೊತೆ ಕೈಗವಸು ಒಂದರ ಮೇಲೊಂದು ಹಾಕಿ ಅಚ್ಚನ್ನು ಕತ್ತರಿಸಿದಳು.

ಮೊದಲು ಕಡ್ಡಿಯಿಂದ ಬಳಿದು ತೆಗೆದಳು. ಅಂಟು ಕಡ್ಡಿಗೆ, ಕಡ್ಡಿಯಿಂದ ಕಾಗದಕ್ಕೆ, ಕಾಗದದಿಂದ ಮತ್ತೆ ಕೈಗವಸಿಗೆ ಹತ್ತಿಕೊಂಡು ಬರುತ್ತಿತ್ತು. ಕೈಗವಸು ಐದು ಸಲ ಬದಲಾಯಿಸಿದಳು. ಮೇಲಿನದೆಲ್ಲ ಹೋದ ಮೇಲೆ ಉಳಿದದ್ದು ಹಲ್ಲಿನ ಗುರುತುಗಳು. ಹನ್ನೊಂದು ಕುಳಿ, ಒಂದೊಂದರಲ್ಲೂ ಹಳದಿ ಅಂಟು. ಸೂಜಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಒಂದೊಂದನ್ನೇ ಒರೆಸುತ್ತ ಹೋದಳು. ಸತ್ತ ಮನುಷ್ಯನ ಬಾಯಿ ಬಿಡಿಸಿ ಹಲ್ಲುಜ್ಜಿದ ಹಾಗಿತ್ತು ಆ ಕೆಲಸ. ಮೂರು ಸಲ ಎದ್ದು ಕಿಟಕಿಗೆ ಹೋಗಿ ಓಕರಿಸಿದಳು. ಹತ್ತಿ ಕೆಂಪಾಗತೊಡಗಿದಾಗ ಕೈ ತಡೆದಳು. ಪೆನ್ಸಿಲಿನ ಬಣ್ಣ ಬಿಡುತ್ತಿತ್ತು. ನಿಲ್ಲಿಸಿದರೆ ಅಂಟು ಉಳಿಯುತ್ತದೆ, ಒರೆಸಿದರೆ ಬಣ್ಣ ಹೋಗುತ್ತದೆ. ಒರೆಸಿದಳು. ಸಂಜೆಯ ಹೊತ್ತಿಗೆ ಕಚ್ಚಿದ ತುದಿಯಲ್ಲಿ ಕೆಂಪಿನ ಸುಳಿವೂ ಇರಲಿಲ್ಲ, ಬೋಳು ಮರ. ಆದರೆ ಹನ್ನೊಂದು ಗುರುತೂ ಇದ್ದವು.

ಕೈಗವಸು ಕಳಚಿ ಕೈ ತೊಳೆದು ಬರುವಷ್ಟರಲ್ಲಿ ಬಡಗಿ ಬಂದಿದ್ದ. ಕೈಗಳಿಗೆ ಬ್ಯಾಂಡೇಜು ಸುತ್ತಿದ್ದ ಭಾವನೂ ಮೆಟ್ಟಿಲಿಳಿದು ಬಂದ. ಇನ್ನು ಮುಂದೆ ಈ ಅಂಟು ಸೋಕಿದರೂ ಮೈ ಹೀಗೇ ಸಿಡಿಯುತ್ತದೆ, ಹತ್ತಿರ ಸುಳಿಯಬೇಡಿ ಎಂದಿದ್ದರಂತೆ ಡಾಕ್ಟರು.

ಭಾವ ಗಂಟಲು ಸರಿಮಾಡಿಕೊಂಡ. "ಹಳೇ ಬಣ್ಣ ನೋಡು, ಮುಟ್ಟಿದ್ರೇ ಉದುರೋ ಹಾಗಿತ್ತು..."

"ಭಾವ," ಎಂದಳು ಗುಂಡಿಯಮ್ಮ.

ಭಾವ ನೆಲ ನೋಡಿದ. "ನಾನು ಕೆಡಿಸ್ದೆ ಕಣಯ್ಯಾ. ಗೊತ್ತಿಲ್ದೆ ಕೈ ಹಾಕ್ದೆ."

ಬಡಗಿ ಮೇಜಿನ ಹತ್ತಿರ ಬಂದ. ಪೆನ್ಸಿಲನ್ನು ಬೆಳಕಿಗೆ ಹಿಡಿದು ತಿರುಗಿಸಿದ, ಕುಳಿಗಳ ಮೇಲೆ ಉಗುರಾಡಿಸಿದ. "ಬಣ್ಣ ಹೋದ್ರೆ ಹೋಗ್ಲಿ. ಈಗ ಇನ್ನೂ ಚೆನ್ನಾಗಿ ಕಾಣ್ಸತ್ತೆ. ನಂದೂ ಅಪ್ಪಂದೂ ಒಂದೇ ಹಲ್ಲಿನ ಸಾಲು ಅಂತಿದ್ಲು ಅಮ್ಮ," ಎಂದವನೇ ಅದನ್ನು ಬಾಯಿಗಿಟ್ಟು, ಆ ಕುಳಿಗಳಲ್ಲೇ ತನ್ನ ಹಲ್ಲು ಕೂರಿಸಿ ನೋಡಲು ಕಚ್ಚಿದ.

"ಅಯ್ಯೋ! ಉಗೀರಿ!" ಗುಂಡಿಯಮ್ಮ ಹಾರಿ ಅದನ್ನು ಅವನ ಬಾಯಿಂದಲೇ ಕಿತ್ತಳು. "ಮರದೊಳಗೆ ಆ ದರಿದ್ರ ಇನ್ನೂ ಎಷ್ಟು ಇಳಿದಿದ್ಯೋ! ಹೋಗಿ, ಬಾಯಿ ಮುಕ್ಕಳಿಸಿ, ಹತ್ತು ಸಲ ಮುಕ್ಕಳಿಸಿ!"

ಅವನು ನಲ್ಲಿಯ ಕಡೆ ಓಡಿದ. ಅವಳ ಬರಿ ಅಂಗೈಯಲ್ಲಿ ಬೆಚ್ಚಗೆ, ಎಂಜಲಿನಿಂದ ಒದ್ದೆಯಾದ ಪೆನ್ಸಿಲು. ಮೊಣಕೈವರೆಗೂ ರೋಮ ನಿಮಿರಿತು. ಆದರೂ ಕೆಳಗೆ ಬೀಳಿಸಲಿಲ್ಲ.

ಐದು ದಿನ ಅದನ್ನು ಒಣಗಲು ಬಿಟ್ಟಳು. ಆಮೇಲೆ ತೂಕ ಹಾಕಿ, ಮೆಲ್ಲಗೆ ಕಲಸಿ, ಮರಕ್ಕೆ ಒಂದು ಕೈ ಬಳಿದಳು. ಒಟ್ಟಿಗೇ ತುಂಬಿದರೆ ಬಿಸಿಯೇರಿ ಬಿರಿಯುತ್ತದೆಂದು ಎರಡು ಸಲವಾಗಿ ಸುರಿದಳು. ಅಚ್ಚಿನಿಂದ ಬಂದದ್ದು ತಿಳಿನೀರು ನಿಂತ ಹಾಗಿತ್ತು. ಬಡಗಿ ಪೆಟ್ಟಿಗೆಯನ್ನೇ ಹೊತ್ತು ತಂದು, ಅವಳ ಮೆಟ್ಟಿಲ ಮೇಲೆ ಕೂತು ಹಿಡಿಗೆ ತೂತು ಕೊರೆದು ಸ್ಕ್ರೂ ಬಿಗಿದ. ಮುಚ್ಚಳವನ್ನು ತೆಗೆದ, ಹಾಕಿದ, ಮತ್ತೆ ತೆಗೆದ.

"ಬಾಯಿಂದ ತೆಗೀರಿ, ಅಸಹ್ಯ, ಅಂತ ಅಮ್ಮ ದಿನಾ ಬೈತಿದ್ಲು ಅಪ್ಪಂಗೆ," ಎಂದು ನಕ್ಕ. "ಕೊನೇವರೆಗೂ ತೆಗೀಲಿಲ್ಲ ಪುಣ್ಯಾತ್ಮ."

"ನಿಮ್ಮಮ್ಮ ಹೇಳಿದ್ದು ಸರಿಯಾಗೇ ಇತ್ತು," ಎಂದಳು ಗುಂಡಿಯಮ್ಮ. ಪಾರದರ್ಶಕ ಹಿಡಿಯೊಳಗೆ ಹನ್ನೊಂದು ಕುಳಿಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಅವಳು ಒಮ್ಮೆ ನೋಡಿ ಮುಖ ಸಿಂಡರಿಸಿ, ಮತ್ತೊಮ್ಮೆ ನೋಡಿದಳು.