ಅಣ್ಣ ಹೊಲಿದ ಕೋಟು

ನಾನು ಚಿಕ್ಕವನಿದ್ದಾಗ ನಮ್ಮ ಮಾನ್ವಿಯಲ್ಲಿ ಹೊಸ ಬಟ್ಟೆ ಸಿಗುವುದೇ ಕಷ್ಟವಾಗಿತ್ತು. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ಅದಕ್ಕೂ ನಮ್ಮೂರ ಅಂಗಡಿಗಳು ಬರಿದಾದದ್ದಕ್ಕೂ ಏನು ಸಂಬಂಧವೆಂದು ನನಗೆ ತಿಳಿಯುತ್ತಿರಲಿಲ್ಲ. ನಾನು ಹೆಚ್ಚು ಓದಿದವನೂ ಅಲ್ಲ. ಆದರೂ ಮೊಮ್ಮಕ್ಕಳೇ, ಆ ಒಂದು ದಿನದ ಸಂಗತಿಯನ್ನು ನಾನೇ ಬರೆದು ನಿಮಗೆ ಹೇಳಬೇಕು.

ಅಪ್ಪ ಗುಡಿಯ ಅರ್ಚಕರು. ಅಣ್ಣನಿಗೆ ಬಟ್ಟೆಯ ಹುಚ್ಚು. ಯಾರ ಸೆರಗು ಹೇಗೆ ಬಿದ್ದಿದೆ, ಯಾರ ಅಂಗಿಯ ತೋಳು ಎಲ್ಲಿ ಬಿಗಿದಿದೆ ಎಂದು ಅವನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ದರ್ಜಿಯ ಕೆಲಸ ಕಲಿಯುತ್ತೇನೆ ಎಂದಾಗ ಅಪ್ಪ ಸಿಡಿದರು.

“ಸೂಜಿ ಹಿಡ್ಕೊಂಡು ಮಂದಿ ಥಳಕಿಗೆ ದುಡಿತೀ ಏನು? ಉರ್ದು ಕಲಿ, ಕಚೇರಿ ಸೇರು.”

“ನೀವು ದಿನಾ ದೇವರಿಗೆ ನಿರಿಗಿ ಹಿಡಿದು ಉಡಸ್ತೀರಿ. ಚಂದ ಕಾಣ್ಲಿ ಅಂತನ ಅಲ್ಲೇನಪ್ಪಾ? ಮಂದಿ ಚಂದ ಕಂಡ್ರ ಏನು ತಪ್ಪದ?”

ಆಗ ನಮ್ಮ ಕಡೆ ಸರಕಾರಿ ಕಚೇರಿಯ ಕೆಲಸವೆಲ್ಲ ಉರ್ದುವಿನಲ್ಲೇ ನಡೆಯುತ್ತಿತ್ತು. ತಟ್ಟೆಗೆ ಬೀಳುವ ಕಾಸಿನ ಮೇಲೆ ಸಂಸಾರ ನಡೆಸಿ ಸೋತಿದ್ದ ಅವರಿಗೆ ಮಗ ತಿಂಗಳ ಪಗಾರ ತಂದರೆ ಸಾಕಾಗಿತ್ತು.

ಆಗ ಸಾಹುಕಾರರ ಮನೆಯ ಮದುವೆ ಬಂತು. ದೊಡ್ಡ ಮದುವೆಗಳಿಗೆ ರಾಯಚೂರಿನಿಂದ ದರ್ಜಿ ಬಂದು, ಆ ಮನೆಯ ಪಡಸಾಲೆಯಲ್ಲೇ ಮಿಷನ್ ಹಾಕಿಕೊಂಡು, ಎಲ್ಲರ ಬಟ್ಟೆ ಹೊಲಿದು ಮುಗಿಸಿಯೇ ಹೋಗುತ್ತಿದ್ದ. ಈ ಸಲ ಬಂದವರನ್ನು ಎಲ್ಲರೂ ಉಸ್ತಾದರು ಎನ್ನುತ್ತಿದ್ದರು. ಅವರು ಒಬ್ಬ ಹುಡುಗನನ್ನು ಕೆಲಸ ಕಲಿಯಲು ಕರೆದೊಯ್ಯುತ್ತಾರೆಂಬ ಸುದ್ದಿ ಹಬ್ಬಿತು. ಅಣ್ಣ ಅತ್ತ ಸುಳಿಯಬಾರದೆಂದು ಅಪ್ಪ ಕಟ್ಟಪ್ಪಣೆ ಮಾಡಿದರು.

ಅಣ್ಣ ಅಟ್ಟ ಹತ್ತಿದ. ಬೆಳಕಿಂಡಿಯ ಕೆಳಗೆ ಕೂತು, ಅಜ್ಜಿಯ ಹರಿದ ಇಳಕಲ್ ಸೀರೆಯಿಂದ ಕೈಯಲ್ಲೇ ನನಗೊಂದು ಕೋಟು ಹೊಲಿದ. ಮೈಯೆಲ್ಲ ಕಡುನೀಲಿ. ಸೆರಗಿನ ಕೆಂಪನ್ನೂ ಅದರ ಮೇಲಿನ ಬಾಚಣಿಗೆ ಹಲ್ಲಿನಂಥ ಬಿಳಿ ನೇಯ್ಗೆಯನ್ನೂ ಕಾಲರಿಗೆ ತಿರುಗಿಸಿದ್ದ. ಅದಕ್ಕಿನ್ನೂ ಅಜ್ಜಿಯ ಟ್ರಂಕಿನ ಕರ್ಪೂರದ ವಾಸನೆಯಿತ್ತು.

“ನೀ ಸುಮ್ನ ಅವ್ರ ಮುಂದ ನಿಂದ್ರು. ಯಾರು ಹೊಲಿದ್ರು ಅಂತ ಕೇಳಿದ್ರ ನನ್ನ ಹೆಸರು ಹೇಳು. ಅಷ್ಟ ಸಾಕು,” ಎಂದ.

ಬೀದಿಗೆ ಬರುವಾಗ ನಾನು ಎದೆಯುಬ್ಬಿಸಿಯೇ ನಡೆದೆ. ಓಣಿ ತಿರುಗುತ್ತಲೇ ಹುಡುಗರು ಬೆನ್ನು ಹತ್ತಿದರು.

“ಲೇ, ಅಜ್ಜಿ ಸೀರಿ ಉಟ್ಕೊಂಡು ಹೊಂಟಾನ ನೋಡ್ರಲೇ! ಯವ್ವಾ, ಬಳಿ ಎಲ್ಲಿ ಬಿಟ್ಟು ಬಂದಿಬೇ?”

ಸಾಹುಕಾರರ ಪಡಸಾಲೆ ಮುಟ್ಟುವ ಹೊತ್ತಿಗೆ ನನ್ನ ಕಿವಿಗಳು ಸುಡುತ್ತಿದ್ದವು. ಒಳಗೆ ಕರಿಯುವ ಎಣ್ಣೆಯ ಘಮ, ಕೆಂಡದ ಇಸ್ತ್ರಿಯ ಕೆಳಗೆ ಒದ್ದೆ ಬಟ್ಟೆಯ ಹಬೆ. ಉಸ್ತಾದರು ನನ್ನನ್ನು ಕಂಡು ಮಿಷನ್ ನಿಲ್ಲಿಸಿದರು.

“ಅರೆ, ಬಾ ಬೇಟಾ, ಇಲ್ಲಿ ಬಾ.” ಕಾಲರನ್ನು ಮಗುಚಿ ಒಳಗಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. “ವಾಹ್! ಸೀರಿ ಸೆರಗು ಕಾಲರಿಗೆ ಬರತದ ಅಂತ ನನ್ನ ತಲಿಗೇ ಹೊಳದಿರಲಿಲ್ಲ ನೋಡು. ಯಾರು ಹೊಲಿದ್ರು?”

ನಾನು ಬಾಯಿ ತೆರೆಯುವುದರೊಳಗೆ ಗಾದಿಯ ಮೇಲಿದ್ದ ಸಾಹುಕಾರರು, “ಅರ್ಚಕರ ಮಗ ಅಲ್ಲೇನೋ ನೀನು? ನಿಮ್ಮ ಮನ್ಯಾಗ ದರ್ಜಿ ಯಾವಾಗ ಹುಟ್ಟಿದ?” ಎಂದರು. ಪಡಸಾಲೆಯೆಲ್ಲ ನಕ್ಕಿತು. ನನ್ನ ಹಿಂದೆಯೇ ಬಂದು ಕಟ್ಟೆ ಏರಿದ್ದ ಹುಡುಗರೂ ನಕ್ಕರು.

“ನಮ್ಮ ಮನ್ಯಾಗ ಯಾರೂ ಹೊಲಿಯಂಗಿಲ್ರಿ. ಇದು ಸಂತ್ಯಾಗ ತಂದದ್ದು,” ಎಂದುಬಿಟ್ಟೆ.

ಉಸ್ತಾದರು ನನ್ನ ಮುಖವನ್ನೇ ನೋಡಿದರು. “ಹೊಲಿದವ ಸಿಕ್ರ ಹೇಳು. ನಾಳೆ ಮುಂಜಾನೆ ಹೊಂಟೀನಿ. ಅವನ ಮನಿಯವ್ರ ಹತ್ರ ಬೇಕಾದ್ರ ನಾನ ಮಾತಾಡ್ತೀನಿ.”

ಅಣ್ಣ ಹಿತ್ತಲ ಬಾಗಿಲಲ್ಲಿ ಕಾದಿದ್ದ. “ಏನಂದ್ರೋ?”

ನಿಜ ಹೇಳಿದರೆ ಅವನ ಹೆಸರು ಹೇಳಲಿಲ್ಲವೆಂಬುದನ್ನೂ ಹೇಳಬೇಕಾಗುತ್ತಿತ್ತು. “ಏನೂ ಅನ್ಲಿಲ್ಲ. ನೋಡ್ಲೇ ಇಲ್ಲ,” ಎಂದೆ.

“ಇರ್ಲಿ ಬಿಡು,” ಎಂದ ಅಣ್ಣ, ನನ್ನ ಮೈಯಿಂದ ಕೋಟು ಬಿಚ್ಚುತ್ತ. “ತೋಳು ಬಿಗಿ ಆಗ್ಲಿಲ್ಲ ಹೌದಿಲ್ಲೋ?”

ಮರುದಿನ ಉಸ್ತಾದರ ಬಂಡಿ ಹೋಯಿತು. ಅಣ್ಣ ಉರ್ದು ಕಲಿತು ದೇವದುರ್ಗದ ಕಚೇರಿ ಸೇರಿದ. ಊಟಕ್ಕೆ, ಮನೆಗೆ ಕೊರತೆಯಾಗಲಿಲ್ಲ. ಆದರೆ ಬಟ್ಟೆಯಂಗಡಿಗೆ ಹೋದಾಗಲೆಲ್ಲ ಅತ್ತಿಗೆಯನ್ನು ಒಳಗೆ ಕಳಿಸಿ ತಾನು ಬೀದಿಯಲ್ಲೇ ನಿಲ್ಲುತ್ತಿದ್ದ.

ಇಬ್ಬರ ತಲೆಯೂ ನರೆತ ಮೇಲೆ, ಅವನ ಮನೆಯ ಕಟ್ಟೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬಯ್ಯುತ್ತಾನೆಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿದ್ದೆ. ಅವನು ನನ್ನತ್ತ ಸರಿದು ಕೂತ.

“ಸೆರಗಿಂದು ಏನಂದ್ರು ಉಸ್ತಾದ್ರು? ಇನ್ನೊಮ್ಮಿ ಹೇಳು.”

ಹೇಳಿದೆ. ಮತ್ತೊಮ್ಮೆ ಹೇಳಿಸಿಕೊಂಡ.

ಈಗ ರಾಯಚೂರಿನ ನಿಮ್ಮ ಮನೆಯಲ್ಲಿ, ಉಡುಪಿನ ವಿನ್ಯಾಸ ಕಲಿಯಲು ಕಾಲೇಜಿಗೆ ಹೋಗುವ ನಿಮ್ಮಕ್ಕ ಲಂಗ, ಕುರ್ತಾಗಳ ಚಿತ್ರ ಬರೆದು ಪಡಸಾಲೆಯ ಗೋಡೆಗೇ ಅಂಟಿಸುತ್ತಾಳೆ. ಅವಳು ನಮ್ಮಣ್ಣನಂತೆ ಅಟ್ಟ ಹತ್ತಬೇಕಾಗಿಲ್ಲ. ಆದರೂ ಮೊನ್ನೆ ಬಂದ ನೆಂಟರು ಅದನ್ನು ಕಂಡು, “ಇದ್ಯಾರು ಗೀಚ್ಯಾರ? ಬಟ್ಟಿ ಹೊಲಿಯಾಕೂ ಕಾಲೇಜ್ ಬೇಕೇನು?” ಎಂದು ನಕ್ಕರು. ನಾನು ಈ ಸಲವಾದರೂ ಮಾತಾಡಬೇಕೆಂದು ಕೋಲೂರಿ ಏಳುತ್ತಿದ್ದೆ. ಅಷ್ಟರಲ್ಲಿ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು ಅಂಗಳದಲ್ಲಿ ಸೈಕಲ್ ಹೊಡೆಯುತ್ತಲೇ ಕೂಗಿ ಹೇಳಿದ:

“ನಮ್ಮಕ್ಕಂದ್ರೀ! ನನ್ನ ಅಂಗೀನೂ ಆಕೀನ ಮಾಡ್ಯಾಳ!”

ಯಾರು ನಕ್ಕರು, ಯಾರು ಬಿಟ್ಟರು ಎಂದು ಅವನು ತಿರುಗಿಯೂ ನೋಡಲಿಲ್ಲ. ಗಂಟೆ ಬಾರಿಸುತ್ತ ಬೀದಿಗೆ ಹೊರಟುಹೋದ.