ಮುಟ್ಟದೆ ಹಾಕಿದ ಆಣೆ

ಆ ಕಾಲದಲ್ಲಿ ಭಾನುವಾರವೆಂದರೆ ತಲೆಗೆ ಎಣ್ಣೆ. ಅರವತ್ತರ ದಶಕ ಮುಗಿಯುತ್ತಿತ್ತು. ಅಪ್ಪ ಎರ್ನಾಕುಲಂನ ಕೋರ್ಟಿನಲ್ಲಿ ಗುಮಾಸ್ತರು. ಕಾಸರಗೋಡಿನಿಂದ ವರ್ಗವಾಗಿ ಬಂದ ನಾವು ದೋಣಿಕಟ್ಟೆಯ ಹತ್ತಿರ ಒಂದು ಬಾಡಿಗೆ ಮನೆಯಲ್ಲಿದ್ದೆವು: ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಹತ್ತು ವರ್ಷದ ನಾನು.

ಆ ಒಂದು ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಹಿತ್ತಲಿನ ಮೆಟ್ಟಿಲಲ್ಲಿ ಕೂತು, ನನ್ನನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಬಿಸಿ ಮಾಡಿದ ಕೊಬ್ಬರಿ ಎಣ್ಣೆ, ಹಿನ್ನೀರಿನ ಕೆಸರು, ಒಳಗೆ ಅಜ್ಜಿ ಮಜ್ಜಿಗೆಯ ಮೇಲಾರಕ್ಕೆ ಹಾಕಿದ ಒಗ್ಗರಣೆ, ಮೂರೂ ಸೇರಿದ ವಾಸನೆ. ನಾನು ತಿರುಗಿದಾಗ ಅವಳ ಮೊಣಕೈ ಕಂಡಿತು. ಅಲ್ಲಿ ದೊಡ್ಡ ಬೊಕ್ಕೆ ಎದ್ದಿತ್ತು.

"ಅಮ್ಮಾ, ನಿನ್ನ ಕೈ ಸುಟ್ಟಿದೆ!"

"ಎಲ್ಲಿ?" ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡಳು. "ದೋಸೆಯ ಕಾವಲಿ ತಾಗಿರ್ಬೇಕು."

"ಉರಿಯುವುದಿಲ್ಲವಾ?"

"ಇಲ್ಲ ಮಾರಾಯ್ತಿ. ತಲೆ ಅಲ್ಲಾಡಿಸ್ಬೇಡ."

ಹುಬ್ಬು ಮೇಲೇಳುವಷ್ಟು ಬಿಗಿಯಾಗಿ ಎರಡು ಜಡೆ ಹೆಣೆದಳು. ನೋವಾಯಿತೆಂದು ನಾನು ಗೊಣಗಿದೆ. ಅವಳು ನನಗೆ ಹಾಕಿದ ಕೊನೆಯ ಜಡೆಗಳು ಅವು.

ಕೆಲವು ವಾರಗಳಲ್ಲಿ ಅಮ್ಮ ಮಡಿ ಹಿಡಿದಳು. ಅಜ್ಜಿಗೂ ಮಡಿ ಇತ್ತು. ಆದರೆ ಅದು ಮಿಂದು ಒದ್ದೆ ಸೀರೆ ಉಟ್ಟಲ್ಲಿಂದ ಊಟ ಮುಗಿಯುವವರೆಗೆ ಮಾತ್ರ. ಅಮ್ಮನದು ಸಂಜೆಯಾದರೂ ಬಿಡದ ಮಡಿ. ಅವಳ ತಟ್ಟೆ ಬೇರೆ, ಲೋಟ ಬೇರೆ, ಚಾಪೆ ಬೇರೆ. ಎಣ್ಣೆ ಬಟ್ಟಲು ಹಿಡಿದು ಹೋದರೆ, "ದೊಡ್ಡವಳಾದೆ, ನೀನೇ ಬಾಚಿಕೋ," ಎಂದು ಗೋಡೆಗೆ ಸರಿದಳು.

ಅಜ್ಜಿಗೆ ಮೊದಲು ಸಂತೋಷವಾಯಿತು. "ಈಗಲಾದರೂ ಬುದ್ಧಿ ಬಂತಲ್ಲ," ಎಂದಳು. ತಿಂಗಳೊಳಗೆ ಅವಳ ರಾಗ ಬದಲಾಯಿತು. "ನನಗಿಂತ ಹೆಚ್ಚು ಮಡಿಯಾ ಇವಳಿಗೆ? ಇದರಲ್ಲಿ ಎಂತದೋ ಉಂಟು."

ಎಂತದೋ ಇದೆ ಎಂದು ನನಗೂ ಅನ್ನಿಸತೊಡಗಿತು. ಅಮ್ಮ ಮಂಗಳವಾರ ದೇವಸ್ಥಾನಕ್ಕೆಂದು ಹೋಗುತ್ತಿದ್ದಳು. ಬರುವಾಗ ಹಣೆಯಲ್ಲಿ ಗಂಧವಿರುತ್ತಿರಲಿಲ್ಲ, ಕೈಯಲ್ಲಿ ಪ್ರಸಾದವೂ ಇಲ್ಲ. ಬಾವಿಯಿಂದ ನೀರು ತರುವಾಗ ಅರ್ಧ ದಾರಿಯಲ್ಲಿ ಕೊಡ ಇಳಿಸಿ ಏದುಸಿರು ಬಿಡುತ್ತಿದ್ದಳು. ಅವಳ ತುಟಿ ಬಣ್ಣ ತಿರುಗಿತ್ತು. ನನ್ನ ಜೊತೆ ಕಲ್ಲಾಟ ಆಡುತ್ತಿದ್ದ ಪಕ್ಕದ ಮನೆಯ ಲೀಲಾ ಅದನ್ನು ಮೊದಲು ಕಂಡವಳು. "ನಿನ್ನಮ್ಮ ನಿನಗೆ ಕೊಡದೆ ನೇರಳೆ ಹಣ್ಣು ತಿನ್ನುತ್ತಾರೆ ನೋಡು," ಎಂದು ಕಿವಿಯಲ್ಲಿ ಹೇಳಿದಳು.

ನಾನು ಓಡಿ ಹೋಗಿ, "ಅಮ್ಮಾ, ನಾಲಿಗೆ ತೋರಿಸು," ಎಂದೆ. ಅವಳು ನಗುತ್ತ ತೋರಿಸಿದಳು. ನಾಲಿಗೆಯೂ ನೀಲಿ. ಆ ದಿನವಿಡೀ ನಾನು ಅವಳೊಡನೆ ಮಾತಾಡಲಿಲ್ಲ.

ಕದ್ದು ತಿನ್ನುವ ಹಣ್ಣು ಎಲ್ಲಿರಬಹುದೆಂದು ಹುಡುಕುವಾಗಲೇ ನನಗೆ ಆ ಮಾತ್ರೆಗಳು ಸಿಕ್ಕಿದ್ದು. ದೇವರ ಗೂಡಿನ ಹಿಂದೆ, ಕುಂಕುಮದ ಭರಣಿಯಲ್ಲಿ, ಕುಂಕುಮದ ಅಡಿ ಹೂತಿಟ್ಟ ಮಾತ್ರೆಗಳು. ಬೆರಳು ಕೆಂಪು ಮಾಡಿಕೊಂಡು ನಿಂತಿದ್ದಾಗ ಅಮ್ಮ ಬಂದಳು.

"ಅಜ್ಜಿಗೆ ಹೇಳ್ಬೇಡ. ಅಪ್ಪನಿಗೂ ಹೇಳ್ಬೇಡ. ನನ್ನ ತಲೆ ಮುಟ್ಟಿ ಆಣೆ ಹಾಕು."

ಆಣೆ ತಪ್ಪಿದರೆ ಯಾರ ತಲೆ ಮುಟ್ಟಿದ್ದೇವೋ ಅವರು ಸಾಯುತ್ತಾರೆ. ಇದು ನಮಗೆಲ್ಲ ಗೊತ್ತಿದ್ದ ಕಾನೂನು. ಕೈ ಚಾಚಿದೆ. ಬೆರಳಿಗೆ ಅವಳ ಕೂದಲು ಒಂದು ಗೇಣು ಇರುವಾಗ ಅವಳು ಬೆಚ್ಚಿ ಹಿಂದೆ ಸರಿದಳು.

"ಮುಟ್ಬೇಡ. ಅಲ್ಲಿಂದಲೇ ಹೇಳು."

ಅಲ್ಲಿಂದಲೇ ಹೇಳಿದೆ.

ನಮ್ಮ ಬೀದಿಯ ಡಾಕ್ಟರು ಇದು ಉಬ್ಬಸವೆಂದು ಇಂಜೆಕ್ಷನ್ ಕೊಟ್ಟರು. ಅಜ್ಜಿ ಆಡುಸೋಗೆ, ಕಾಳುಮೆಣಸು ಹಾಕಿ ಕಷಾಯ ಕುದಿಸಿದಳು. ಬೈಯುತ್ತಲೇ ಕುದಿಸಿದಳು: "ಕೆಲಸ ತಪ್ಪಿಸಲಿಕ್ಕೆ ಹೂಡಿದ ಆಟ. ಕುಡಿ, ಕಹಿಗಾದರೂ ಓಡಲಿ." ಅಮ್ಮ ಕುಡಿದಳು, ಉಸಿರು ಸುಧಾರಿಸಲಿಲ್ಲ. ಎರಡು ಮೆಟ್ಟಿಲು ಹತ್ತಲಾಗದೆ ಅವಳು ಕುಸಿದ ದಿನ ಅಪ್ಪ ರಜೆ ಹಾಕಿ ಎಲ್ಲರನ್ನೂ ತಿರುವನಂತಪುರದ ರೈಲು ಹತ್ತಿಸಿದರು. ಹೊರಡುವಾಗ ಅಮ್ಮ ಕುಂಕುಮದ ಭರಣಿಯನ್ನು ತನ್ನ ಚೀಲದೊಳಗೆ ಇಳಿಸಿದ್ದನ್ನು ನಾನು ಕಂಡೆ. ಚಾಲೈ ಪೇಟೆಯ ಹಿಂದೆ ಅಪ್ಪನ ಸ್ನೇಹಿತರ ಖಾಲಿ ಕೋಣೆಯಲ್ಲಿ ಗಂಟು ಇಳಿಸಿ ದೊಡ್ಡ ಆಸ್ಪತ್ರೆಗೆ ಹೋದೆವು.

ಅಲ್ಲಿಯ ಡಾಕ್ಟರು ಮೆಲುದನಿಯ ಮನುಷ್ಯ. ಅಮ್ಮನ ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟು ಬಹಳ ಹೊತ್ತು ಕಾದರು. ತುಟಿಯ ನೀಲಿ ಹೋಗಲಿಲ್ಲ. ಎದೆಗೆ ಸ್ಟೆತಾಸ್ಕೋಪು ಇಟ್ಟು ಹಿಂದೆ ಮುಂದೆ ಎಲ್ಲ ಕೇಳಿದರು. "ಹೃದಯ ಚೆನ್ನಾಗಿದೆ, ಶ್ವಾಸಕೋಶವೂ ಸ್ವಚ್ಛ," ಎಂದು ಅಪ್ಪನಿಗೆ ಮಲಯಾಳದಲ್ಲಿ ಹೇಳಿದರು. ಅಪ್ಪನ ಮುಖ ಅರಳಲಿಲ್ಲ, ಡಾಕ್ಟರದೂ ಅರಳಲಿಲ್ಲ.

ಆಮೇಲೆ ಅವರು ಸೂಜಿಯಿಂದ ಅಮ್ಮನ ರಕ್ತ ತೆಗೆದರು. ಅದು ಕಾಫಿಯ ಡಿಕಾಕ್ಷನ್‌ನ ಬಣ್ಣದ್ದು. ಬಿಳಿ ಒತ್ತುಕಾಗದದ ಮೇಲೆ ಅದರ ಒಂದು ಹನಿ ಬಿಟ್ಟು, ತಮ್ಮ ಬೆರಳನ್ನೇ ಚುಚ್ಚಿ ಪಕ್ಕದಲ್ಲಿ ಇನ್ನೊಂದು ಹನಿ ಇಟ್ಟರು. ಕಾಗದವನ್ನು ಗಾಳಿಯಲ್ಲಿ ಆಡಿಸಿದರು. ಅವರ ಹನಿ ಕೆಂಪಾಗಿಯೇ ಇತ್ತು. ಅಮ್ಮನದು ಕಂದಾಗಿಯೇ ಉಳಿಯಿತು.

"ಉಸಿರು ಒಳಗೆ ಹೋಗುತ್ತಿದೆ, ಅದನ್ನು ಹೊರುವ ಶಕ್ತಿ ರಕ್ತಕ್ಕಿಲ್ಲ," ಎಂದರು. "ಯಾವುದೋ ಮದ್ದೋ ಬಣ್ಣವೋ ಒಳಗೆ ಸೇರಿದೆ. ಏನು ಕೊಟ್ಟಿದ್ದೀರಿ?"

ಅಮ್ಮ ಕಣ್ಣು ಮುಚ್ಚಿ, ಏನೂ ಇಲ್ಲವೆಂದು ತಲೆಯಾಡಿಸಿದಳು. ಕೋರ್ಟಿನಲ್ಲಿ ದಿನವೂ ವಿಷದ ಮೊಕದ್ದಮೆಗಳ ಕಾಗದ ನಕಲು ಮಾಡುವ ಅಪ್ಪ ಮೆಲ್ಲನೆ ಅಜ್ಜಿಯ ಕಡೆ ತಿರುಗಿದರು.

"ಅಮ್ಮಾ, ಕಷಾಯಕ್ಕೆ ಎಂತೆಂತ ಹಾಕಿದ್ದಿ?"

ಅಜ್ಜಿಗೆ ಮಲಯಾಳ ತಿಳಿಯದು. ಮಗನ ಕಣ್ಣು ತಿಳಿಯಿತು.

"ಎಂತ? ನಾನು ವಿಷ ಹಾಕಿದೆನಾ? ಹಾಗೆ ಹೇಳು! ನಾಲ್ಕು ಜನರ ಎದುರು ಹೇಳು!" ಅವಳ ಸ್ವರ ಒಡೆಯಿತು. ಅವಳು ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹೇಳಿದರೆ ಅಮ್ಮ ಸಾಯುತ್ತಾಳೆ. ಹೇಳದಿದ್ದರೂ ಸಾಯುತ್ತಾಳೆಂದು ಆ ಕಂದು ಹನಿ ಹೇಳುತ್ತಿತ್ತು. ಆಗ ಆ ಒಂದು ಗೇಣು ನೆನಪಾಯಿತು. ನನ್ನ ಕೈ ಅವಳ ತಲೆಗೆ ತಾಗಿರಲಿಲ್ಲ. ತಾಗದ ಆಣೆ ಆಣೆಯೇ ಅಲ್ಲ.

ಅಮ್ಮನ ಚೀಲದಿಂದ ಕುಂಕುಮದ ಭರಣಿ ತೆಗೆದು ಮೇಜಿನ ಮೇಲೆ ಸುರಿದೆ. ಕೆಂಪು ಮೆತ್ತಿದ ಮಾತ್ರೆಗಳು ಉರುಳಿದವು. ಡಾಕ್ಟರು ಒಂದನ್ನು ಒರೆಸಿ ಬೆಳಕಿಗೆ ಹಿಡಿದರು. ಅಮ್ಮನ ಮೊಣಕೈ ಎತ್ತಿ ಆ ಹಳೆಯ ಸುಟ್ಟ ಕಲೆಯನ್ನು ಹತ್ತಿಯಿಂದ ಮುಟ್ಟಿ, "ತಿಳಿಯುತ್ತದೆಯೇ?" ಎಂದು ಕೇಳಿದರು. ಅಮ್ಮ ಇಲ್ಲವೆಂದಳು. ಡಾಕ್ಟರು ನನ್ನ ಬೆನ್ನು ತಟ್ಟಿ, "ನನ್ನಾಯಿ ಮೋಳೇ," ಎಂದರು. ಒಳ್ಳೆಯದು ಮಾಡಿದೆ ಮಗಳೇ ಎಂದು.

ಅವರು ಶಾಯಿಯಂಥ ನೀಲಿ ಮದ್ದನ್ನು ಅಮ್ಮನ ರಕ್ತನಾಳಕ್ಕೆ ಹಾಕಿದರು. ಒಂದು ಗಂಟೆಯೊಳಗೆ ತುಟಿಗೆ ಬಣ್ಣ ಬಂತು.

ಅವು ಕುಷ್ಠರೋಗದ ಮಾತ್ರೆಗಳು. ಮಂಗಳವಾರದ ಧರ್ಮದ ದವಾಖಾನೆಯಲ್ಲಿ ಅವಳಿಗೆ ದಿನಕ್ಕೊಂದು ಎಂದು ಹೇಳಿ ಕೊಟ್ಟಿದ್ದರು. ಬೇಗ ಗುಣವಾಗಲೆಂದು ಅವಳು ಮೂರು ಮೂರು ನುಂಗುತ್ತಿದ್ದಳು. "ಮಗುವಿನ ತಲೆ ಬಾಚಬೇಕಿತ್ತು," ಎಂದು ಅಪ್ಪನಿಗೆ ಹೇಳಿದಳಂತೆ. ಅಪ್ಪ ಇದನ್ನು ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ. ಮದ್ದು ನಿಯಮದಂತೆ ತೆಗೆದುಕೊಂಡರೆ ಮಕ್ಕಳನ್ನು ಧಾರಾಳವಾಗಿ ಎತ್ತಿಕೊಳ್ಳಬಹುದೆಂದು ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದ್ದರು.

ಅಜ್ಜಿ ಕೂಗಾಡುತ್ತಾಳೆಂದು ನಾವು ಹೆದರಿದ್ದೆವು. ಅವಳು ಕೂಗಲಿಲ್ಲ, ಊರಿಗೂ ಬರೆಸಲಿಲ್ಲ. ಮನೆಗೆ ಬಂದ ದಿನ ಅಮ್ಮನ ಬೇರೆ ತಟ್ಟೆಯನ್ನು ತಾನೇ ತೊಳೆದು ನಮ್ಮ ತಟ್ಟೆಗಳ ಜೊತೆ ಕವುಚಿಟ್ಟಳು. "ನನ್ನ ಮಡಿಯ ಹಿಂದೆ ಅಡಗಿದ್ದಿಯಲ್ಲ ನೀನು," ಎಂದಷ್ಟೇ ಅಂದಳು. ಮರುದಿನ ಅಮ್ಮ ಆ ತಟ್ಟೆಯನ್ನು ಹೆಕ್ಕಿ ಮತ್ತೆ ಬೇರೆಯಿಟ್ಟಳು.

ಒಮ್ಮೆ ಮಾತ್ರ ಅವಳು ಕೇಳಿದಳು. "ಆಣೆ ಹಾಕಿದ್ದೆಯಲ್ಲ?"

"ಮುಟ್ಟಿರಲಿಲ್ಲವಲ್ಲ ಅಮ್ಮ."

"ಹೌದು. ಮುಟ್ಟಿರ್ಲಿಲ್ಲ," ಎಂದು ಗೋಡೆಯ ಕಡೆ ತಿರುಗಿದಳು.

ಆಮೇಲಿನ ಭಾನುವಾರಗಳಲ್ಲಿ ನಾನೇ ಬಾಚಿಕೊಂಡೆ. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅವಳ ರೋಗ ಪೂರ್ತಿ ವಾಸಿಯಾಗಿತ್ತು. ಆಗಲೂ ಅವಳ ಕೈ ನನ್ನತ್ತ ಬರಲಿಲ್ಲ. ಹೆದರಿಕೆ ಅಭ್ಯಾಸವಾಗಿ ಉಳಿಯಿತೋ, ಅವಳ ಗುಟ್ಟನ್ನು ಮೇಜಿನ ಮೇಲೆ ಸುರಿದ ಮಗಳ ಮೇಲೆ ನಂಬಿಕೆ ಹೋಯಿತೋ? ಈ ಸಂಶಯವನ್ನು ನಾನು ನಲವತ್ತು ವರ್ಷ ಇಟ್ಟುಕೊಂಡೆ. ಕೇಳಬಹುದಿತ್ತು. ಕೇಳಲಿಲ್ಲ.

ಕಳೆದ ಚಳಿಗಾಲದಲ್ಲಿ ಅಮ್ಮ ತೀರಿಕೊಂಡಳು. ಮೀಯಿಸುವ ಮೊದಲು ತಲೆಗೆ ಎಣ್ಣೆ ಇಡಲು ನನ್ನನ್ನು ಕರೆದರು. ಕೈ ಚಾಚಿದೆ. ಈ ಸಲ ಅವಳು ಹಿಂದೆ ಸರಿಯಲಿಲ್ಲ.

ಈಗ ಎರ್ನಾಕುಲಂನ ಆ ಮನೆ ಇಲ್ಲ, ಹಿತ್ತಲಿನ ಮೆಟ್ಟಿಲಿಲ್ಲ. ಇಲ್ಲದಿರುವುದಕ್ಕೆಲ್ಲ ನಾನು ಹೊಂದಿಕೊಂಡಿದ್ದೇನೆ. ನನ್ನ ಕೈ ಕೊನೆಗೂ ಅವಳ ತಲೆಯನ್ನು ಮುಟ್ಟಿತು. ಅವಳ ಕೈ ನನ್ನ ತಲೆಗೆ ಬರಲಿಲ್ಲ.